ನೂಲಿನ ಧೂಳಿಗೊಂದು ಕೊಳವೆ

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಅನೇಕ ಮನೆಗಳಿಗೆ ಕಾರ್ಖಾನೆ ಬೇರೆಯಿಲ್ಲ. ಒಂದೇ ಸೂರಿನಡಿ ಈಚೆಗೆ ಅಡಿಗೆಯ ಒಲೆ, ಆಚೆಗೆ ವಿದ್ಯುತ್ ಮಗ್ಗ. ಸಂಜೆ ಮನೆಯಾಕೆ ಕಸಬರಿಗೆ ಹಿಡಿದರೆ ಹತ್ತಿಯ ನವಿರಾದ ಎಳೆಗಳು ಮೂಲೆ ಸೇರುವ ಬದಲು ಮೇಲೆದ್ದು, ಮಲಗಿದ ಕೂಸಿನ ತೊಟ್ಟಿಲಿಗೇ ಇಳಿಯುವುದುಂಟು.

ಸೆಣಬು, ಅಗಸೆಗಳ ನಾರು ಹಿಂಜುವವರ ಕೆಮ್ಮು-ಉಬ್ಬಸಗಳಿಗೆ ಧೂಳೇ ಕಾರಣವೆಂದು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿಯೇ ಬರೆದಿಟ್ಟನು. ಹತ್ತಿಯ ಧೂಳಿನ ಬೇನೆಯ ಗುರುತು ವಿಚಿತ್ರವಾದುದು: ರಜೆ ಕಳೆದು ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುತ್ತದೆ. ನೂಲುವ ಗಿರಣಿಗಳಲ್ಲಿ ಇದು ಹೆಚ್ಚು, ನೇಯುವಲ್ಲಿ ಕಡಿಮೆ. ಆದರೂ ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸತಕ್ಕದ್ದು.

ಕಂಡಿಕೆ ಸುತ್ತುವೆಡೆಯಲ್ಲಿ ಧೂಳು ಹೀರುವ ಮೂತಿಯನ್ನಿಟ್ಟು, ಕೊಳವೆಯ ಮೂಲಕ ಗಾಳಿಯೆಳೆಯುವ ಯಂತ್ರಕ್ಕೂ ಅದರ ಚೀಲಕ್ಕೂ ಒಯ್ಯುವುದು ಒಂದು ಉಪಾಯ. ಕೊಳವೆಗೇನೂ ಕೊರತೆಯಿಲ್ಲ; ಜಮಖಂಡಿ-ಮುಧೋಳಗಳ ಕಬ್ಬಿನ ಹೊಲಗಳ ಪುಣ್ಯದಿಂದ ಪಿ.ವಿ.ಸಿ. ಪೈಪು ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಗೋಳೆಲ್ಲ ಜೋಡಣೆಯದು. ಮೂತಿ ಸಾಮಾನ್ಯವಾಗಿ 4 ಅಂಗುಲ, ಎಂದರೆ ಸುಮಾರು 102 ಮಿ.ಮೀ. ಪೈಪಿನ ಮೇಲೆ ಅಚ್ಚೊತ್ತಿದ 110 ಮಿ.ಮೀ. ಎಂಬುದು ಹೊರಮೈಯ ಅಳತೆ; ಒಳಗಿನದು ಗೋಡೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ಅಂಗಡಿಗೆ ಅಳತೆಯ ಚೀಟಿಯನ್ನಲ್ಲ, ಮೂತಿಯನ್ನೇ ಒಯ್ಯುವುದು ಲೇಸು.

ತುಸು ಬಿಗಿಯಾದರೆ ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಬೇಕು. ಸುಮಾರು 80 ಡಿಗ್ರಿಯಲ್ಲಿ ಪಿ.ವಿ.ಸಿ. ಮೆತ್ತಗಾಗುತ್ತದೆ, ಆಗ ಮೂತಿಯ ಮೇಲೆ ಒತ್ತಿ, ಒದ್ದೆ ಬಟ್ಟೆ ಸುತ್ತಿ ತಣಿಸಿದರೆ ಅಚ್ಚಿನಂತೆ ಕೂರುತ್ತದೆ. ಬೆಂಕಿಗೆ ಹಿಡಿಯಲಾಗದು, ಕರಿಕಾದ ಪಿ.ವಿ.ಸಿ.ಯ ಹೊಗೆ ಧೂಳಿಗಿಂತ ಕೆಟ್ಟದ್ದು. ಸಡಿಲವಾದರೆ ಮೂತಿಗೆ ಟೇಪಿನ ಒಂದೆರಡು ಸುತ್ತು ಸಾಕು. ಅಂಟು ಮಾತ್ರ ಬೇಡ. ಕೊಳವೆ ಕಟ್ಟಿಕೊಂಡ ದಿನ ಬಿಚ್ಚಬೇಕಾಗುವುದು ಅಲ್ಲಿಯೇ.

ಗಾಳಿ ಬರುವ ಕಡೆಯ ತುಂಡು ಹೋಗುವ ಕಡೆಯ ತುಂಡಿನೊಳಗೆ ಸೇರಿರಬೇಕು. ಇಲ್ಲವಾದರೆ ಅಂಚು ಎಳೆಗಳನ್ನು ತಡೆಯುತ್ತದೆ. ಯಂತ್ರದ ಕಡೆ ಇದು ಸಾಧ್ಯವಾಗದಿದ್ದಲ್ಲಿ ಎರಡು ತುದಿಗಳನ್ನೂ ಎದುರುಬದುರು ತಂದು, ಮೇಲೆ ರಬ್ಬರಿನ ತೋಳು ತೊಡಿಸಿ ಕ್ಲಿಪ್ಪು ಬಿಗಿಯಬಹುದು. ಸ್ಕ್ರೂವಿನ ಮೊನೆ ಒಳಗೆ ಇಣುಕಕೂಡದು. ಬಡಿಗನ ಮರದ ಹೊಟ್ಟಾದರೆ ಜಾರಿ ಹೋದೀತು. ನೂಲಿನೆಳೆ ಅದಕ್ಕೆ ತೊಡರಿ ಹಕ್ಕಿಯ ಗೂಡನ್ನೇ ಕಟ್ಟುತ್ತದೆ.

ಎಲ್ಲ ಮುಗಿದ ಮೇಲೆ ಯಂತ್ರ ನಡೆಸಿ, ಪ್ರತಿ ಕೂಡಿಕೆಯ ಬಳಿ ಹತ್ತಿಯ ಎಳೆಯೊಂದನ್ನು ಹಿಡಿದು ನೋಡಬೇಕು. (ಊದುಬತ್ತಿಯ ಪರೀಕ್ಷೆ ಹತ್ತಿಯ ಮನೆಗೆ ತಕ್ಕುದಲ್ಲ.) ಎಳೆ ಸಂದಿನತ್ತ ಬಾಗಿದರೆ ಅಲ್ಲಿ ಗಾಳಿ ಒಳನುಗ್ಗುತ್ತಿದೆ, ಅಷ್ಟರಮಟ್ಟಿಗೆ ಕಂಡಿಕೆಯ ಬಳಿಯ ಸೆಳೆತ ಕುಂದಿದೆಯೆಂದೇ ತಿಳಿಯಬೇಕು. ಅಲುಗದೆ ನೇರ ತೂಗಿದರೆ ಮುಂದಿನ ಕೂಡಿಕೆಗೆ ಹೋಗಬಹುದು.