ಪಿಸ್ತೂಲು ಹಿಡಿದು ಸುಂಕ ಕಟ್ಟಿದವನು

ಸುಂಕ ತಪ್ಪಿಸಲು ಆಯುಧ ಹಿಡಿದವರ ಕಥೆಗಳು ಎಲ್ಲ ದೇಶಗಳಲ್ಲೂ ಇವೆ. ಸುಂಕ ಕಟ್ಟಿದ ತಪ್ಪಿಗೆ ಸೊಂಟದಲ್ಲಿ ಎರಡು ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬೇಕಾಗಿ ಬಂದವನು ಸ್ಕಾಟ್ಲೆಂಡಿನ ರೈತ ಜಾರ್ಜ್ ಸ್ಮಿತ್. ಆತ 1824ರಲ್ಲಿ ಪರವಾನಗಿ ಪಡೆದು ಸ್ಥಾಪಿಸಿದ ಗ್ಲೆನ್‌ಲಿವೆಟ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ ವಿಸ್ಕಿ ಇಂದು ಜಗತ್ಪ್ರಸಿದ್ಧ. ಅದರ ಹಿಂದೆ ಅಬಕಾರಿ ಆಡಳಿತದ ಒಂದು ಅಪೂರ್ವ ಪ್ರಯೋಗವಿದೆ ಎಂಬುದನ್ನು ಬಲ್ಲವರು ಕಡಿಮೆ.

ಲಿವೆಟ್ ಎಂಬ ಸಣ್ಣ ನದಿಯ ಆ ಕಣಿವೆ 19ನೇ ಶತಮಾನದ ಆರಂಭದಲ್ಲಿ ಕಳ್ಳಭಟ್ಟಿಯ ತವರಾಗಿತ್ತು. ಅಲ್ಲಿ ಸುಮಾರು 200 ಅಕ್ರಮ ಭಟ್ಟಿಗಳಿದ್ದವೆಂದು ಹೇಳುವುದುಂಟು. ರೈತರು ಗೇಣಿ ತೀರಿಸುತ್ತಿದ್ದುದೇ ಬಾರ್ಲಿಯಿಂದ ಇಳಿಸಿದ ವಿಸ್ಕಿಯ ಹಣದಿಂದ. ಗೇಣಿ ಪಡೆಯುವ ಜಮೀನ್ದಾರರೇ ಹಲವೆಡೆ ನ್ಯಾಯಪೀಠದಲ್ಲೂ ಕುಳಿತಿದ್ದರಿಂದ ಶಿಕ್ಷೆ ಎಷ್ಟಿರುತ್ತಿತ್ತೆಂದು ಊಹಿಸಬಹುದು. ತೆರಿಗೆಯ ವಿಧಾನವಂತೂ ವಿಚಿತ್ರ. 18ನೇ ಶತಮಾನದ ಕೊನೆಯಲ್ಲಿ ತಯಾರಾದ ಮದ್ಯಕ್ಕೆ ಬದಲಾಗಿ ಭಟ್ಟಿಪಾತ್ರೆಯ ಗಾತ್ರದ ಮೇಲೆ ಸುಂಕ ವಿಧಿಸಲಾಗಿತ್ತು. ತಗ್ಗುಪ್ರದೇಶದ ದೊಡ್ಡ ಉತ್ಪಾದಕರು ಅಗಲವಾದ, ಆಳವಿಲ್ಲದ ಪಾತ್ರೆಗಳನ್ನು ಮಾಡಿಸಿ, ಕೆಲವೇ ನಿಮಿಷಗಳಿಗೊಂದು ಸಲ ಭಟ್ಟಿ ಇಳಿಸತೊಡಗಿದರು. ಹೀಗೆ ಸುಂಕ ತೆತ್ತ ಮಾಲು ಕಳಪೆಯಾಯಿತು. ಬೆಟ್ಟದ ಮರೆಯಲ್ಲಿ ನಿಧಾನವಾಗಿ ಇಳಿಸಿದ ಕಳ್ಳಮಾಲಿಗೆ ಹೆಸರು ಬಂತು. 1822ರಲ್ಲಿ ಎಡಿನ್‌ಬರೊಗೆ ಬಂದ ದೊರೆ ನಾಲ್ಕನೇ ಜಾರ್ಜ್ ಕೂಡ ಗ್ಲೆನ್‌ಲಿವೆಟ್ ವಿಸ್ಕಿಯನ್ನೇ ಬಯಸಿದ. ತನ್ನದೇ ಖಜಾನೆಗೆ ವಂಚಿಸಿದ ಸರಕೆಂಬುದು ಆತನ ರುಚಿಗೆ ಅಡ್ಡಿಯಾಗಲಿಲ್ಲ.

1823ರ ಅಬಕಾರಿ ಕಾಯಿದೆ ಈ ಲೆಕ್ಕಾಚಾರವನ್ನೇ ತಿರುವುಮುರುವು ಮಾಡಿತು. ಗ್ಯಾಲನ್ ಮೇಲಿನ ಸುಂಕ ಅರ್ಧಕ್ಕಿಂತಲೂ ಕೆಳಗಿಳಿಯಿತು. ಪರವಾನಗಿ ಶುಲ್ಕ ವರ್ಷಕ್ಕೆ 10 ಪೌಂಡ್ ಎಂದು ಗೊತ್ತಾಯಿತು. ಅದಕ್ಕೆ ಹಿಂದಿನ ವರ್ಷವೇ ದಂಡವನ್ನು ಬಿಗಿಗೊಳಿಸಲಾಗಿತ್ತು. ಸುಂಕ ಇಳಿಕೆಯನ್ನು ಕೊಂಡಾಡುವ ಅರ್ಥಶಾಸ್ತ್ರಜ್ಞರು ಈ ಎರಡನೆಯ ಅಂಶವನ್ನು ಮರೆಯುವುದೇ ಹೆಚ್ಚು. 1823ರಲ್ಲಿ ಸುಮಾರು 14,000ದಷ್ಟಿದ್ದ ಅಕ್ರಮ ಭಟ್ಟಿ ಪ್ರಕರಣಗಳು 1834ರ ವೇಳೆಗೆ 692ಕ್ಕೆ ಇಳಿದವೆಂದು ಇತಿಹಾಸಕಾರರು ದಾಖಲಿಸುತ್ತಾರೆ.

ಆದರೆ ಅಂಕಿಅಂಶಗಳು ಹೇಳದ ಒಂದು ಸಂಗತಿಯಿದೆ. ಡ್ಯೂಕ್ ಆಫ್ ಗೋರ್ಡನ್‌ನ ಗೇಣಿದಾರನಾಗಿದ್ದ ಸ್ಮಿತ್ ಕಣಿವೆಯಲ್ಲಿ ಮೊದಲ ಪರವಾನಗಿ ಪಡೆದಾಗ ನೆರೆಹೊರೆಯವರು ಅವನನ್ನು ದ್ರೋಹಿಯೆಂದೇ ಬಗೆದರು. ಡಿಸ್ಟಿಲರಿಯನ್ನೂ ಅದರೊಳಗೆ ಅವನನ್ನೂ ಸುಡುವುದಾಗಿ ಬೆದರಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಅದೇ ಕಣಿವೆಯಲ್ಲಿ ಕಾನೂನುಬದ್ಧವಾಗಿ ಆರಂಭಿಸಿದ ಇನ್ನು ಮೂವರು ಹೆದರಿ ವರ್ಷ ತುಂಬುವ ಮೊದಲೇ ಕೈಬಿಟ್ಟರು. ಸ್ಮಿತ್‌ಗೆ ಪಿಸ್ತೂಲುಗಳನ್ನು ಕೊಟ್ಟವನು ಅಬೆರ್ಲೋರ್‌ನ ಜಮೀನ್ದಾರನೇ ಹೊರತು ಸರ್ಕಾರವಲ್ಲ. ಸುಂಕದ ದರ ಇಳಿಸಲು ಒಂದು ಅಧಿಸೂಚನೆ ಸಾಕು. ಮೊದಲು ನಿಯಮ ಪಾಲಿಸಿದವನನ್ನು ಕಾಯಲು ಆಡಳಿತವೇ ಬೇಕು. ಲಂಡನ್ ಮೊದಲನೆಯದನ್ನು ಮಾಡಿ, ಎರಡನೆಯದನ್ನು ಸ್ಮಿತ್‌ನ ಧೈರ್ಯಕ್ಕೆ ಬಿಟ್ಟಿತು.

ಧೈರ್ಯಕ್ಕೆ ಪ್ರತಿಫಲವೂ ದೊರೆಯಿತು. ಸ್ಮಿತ್ 1871ರಲ್ಲಿ ತೀರಿಕೊಂಡ. ಆ ವೇಳೆಗೆ ಕಣಿವೆಯ ಹೆಸರನ್ನು ದೂರದೂರದ ಉತ್ಪಾದಕರೂ ಬಳಸತೊಡಗಿದ್ದರು. ಮಗ ಜಾನ್ ಗೋರ್ಡನ್ ಸ್ಮಿತ್ ಹೂಡಿದ ವ್ಯಾಜ್ಯ 1884ರಲ್ಲಿ ರಾಜಿಯಾಗಿ, ‘ದಿ ಗ್ಲೆನ್‌ಲಿವೆಟ್’ ಎಂಬ ಹೆಸರು ಈ ಒಂದೇ ಸಂಸ್ಥೆಗೆ ಸಂದಿತು. ಉಳಿದವರು ತಮ್ಮ ಹೆಸರಿನ ಬೆನ್ನಿಗೆ ಅದನ್ನು ಜೋಡಿಸಿಕೊಳ್ಳಬೇಕಾಯಿತು. ಇಡೀ ಕಣಿವೆಯ ಕಳ್ಳಭಟ್ಟಿಗಾರರು ಗಳಿಸಿದ ಖ್ಯಾತಿ ಒಂದು ಕುಟುಂಬದ ಆಸ್ತಿಯಾದದ್ದು ನ್ಯಾಯವೇ ಎಂಬ ಪ್ರಶ್ನೆ ನನಗಂತೂ ಉಳಿದಿದೆ. 2001ರಿಂದ ಒಡೆತನ ಫ್ರಾನ್ಸಿನ ಪೆರ್ನೊ ರಿಕಾರ್ ಕಂಪನಿಯದು. ಓಕ್ ಪೀಪಾಯಿಗಳಲ್ಲಿ ಪಕ್ವವಾಗುವ 12 ಮತ್ತು 18 ವರ್ಷಗಳ ವಿಸ್ಕಿಗಳು ಹೊಗೆಯ ಘಾಟಿಲ್ಲದೆ, ಹಣ್ಣಿನ ಮೃದುತ್ವಕ್ಕೆ ಹೆಸರಾಗಿವೆ.

2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಶೇ 150ರ ಆಮದು ಸುಂಕವನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಸಲು ಭಾರತ ಒಪ್ಪಿದೆ. ಇದನ್ನು 1823ರ ಸುಧಾರಣೆಗೆ ಹೋಲಿಸುವುದು ತಪ್ಪಾದೀತು. ಗ್ಲೆನ್‌ಲಿವೆಟ್ ದುಬಾರಿಯಾಯಿತೆಂದು ಯಾರೂ ಕಳ್ಳಭಟ್ಟಿಯತ್ತ ಹೊರಳುವುದಿಲ್ಲ. ಹೊರಳುವವನು ಅತಿ ಅಗ್ಗದ ಬಾಟಲಿಯೂ ಕೈಗೆಟುಕದ ಕೂಲಿಕಾರ. ಆ ಬಾಟಲಿಯ ಮೇಲಿನ ಅಬಕಾರಿ ಸುಂಕವನ್ನು ನಿಗದಿ ಮಾಡುವುದು ದೆಹಲಿಯಲ್ಲ, ವಿಧಾನಸೌಧ. ಅದನ್ನು ಏರಿಸುವ ಕಡತದಲ್ಲಿ ಆದಾಯದ ಅಂದಾಜಿನ ಜೊತೆಗೆ, ಆ ವರ್ಷ ಪತ್ತೆಯಾದ ಕಳ್ಳಭಟ್ಟಿಗಳ ಲೆಕ್ಕವನ್ನೂ ಇಡುವುದು ಕಡ್ಡಾಯವಾಗಬೇಕು.