ಗಾಲಿಯ ಮೇಲಿನ ಮನೆಗೆ ಅಟ್ಟವಿಲ್ಲ

ಮನೆಯನ್ನೇ ಹೊತ್ತುಕೊಂಡು ಊರು ಸುತ್ತುವ ಭಾಗ್ಯ ಬಹುಕಾಲ ಆಮೆಗೂ ಬಸವನಹುಳುವಿಗೂ ಮಾತ್ರ ಇತ್ತು. ಈಗ ಅದು ನಮ್ಮ ನಾಡಿನ ಸಾಮಾನ್ಯ ಕುಟುಂಬಗಳಿಗೂ ಬಾಡಿಗೆಗೆ ದೊರೆಯುವಂತಾಗಿದೆ. ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿಯನ್ನು ಪ್ರಕಟಿಸಿ, ಇಬ್ಬರು ಹೋಗುವಂಥದು ಒಂದು, ನಾಲ್ವರ ಕುಟುಂಬ ಹೋಗುವಂಥದು ಇನ್ನೊಂದು ಎಂದು ಎರಡು ಮಾದರಿಗಳನ್ನು ಗೊತ್ತುಮಾಡಿತು. ಮರುವರ್ಷ ವಾಗಮಣ್ಣಿನಲ್ಲಿ ರಾಜ್ಯದ ಮೊದಲ ಕ್ಯಾರವಾನ್ ತಂಗುದಾಣವೂ ತೆರೆಯಿತು. ಹಗಲು ಆಸನವಾಗಿ ರಾತ್ರಿ ಹಾಸಿಗೆಯಾಗುವ ಸೋಫಾ, ಪುಟ್ಟ ಅಡಿಗೆ ಕಟ್ಟೆ, ಫ್ರಿಜ್ಜು, ಊಟದ ಮೇಜು, ಶೌಚದ ಗೂಡು ಎಲ್ಲವೂ ಒಂದು ವ್ಯಾನಿನೊಳಗೆ ಅಡಕವಾಗಿರುವುದನ್ನು ಕಂಡು ಮಕ್ಕಳು ಮಾತ್ರವಲ್ಲ, ಹಿರಿಯರೂ ಬೆರಗಾಗುತ್ತಾರೆ. ಬೆರಗು ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಮ್ಮ ಸಾಮಾನನ್ನೆಲ್ಲ ಇಡುವುದೆಲ್ಲಿ?

ಈ ಪ್ರಶ್ನೆಗೆ ನಾವೂ ತಪ್ಪು ಉತ್ತರವನ್ನೇ ಕೊಟ್ಟುಕೊಂಡವರು. ಅದರ ಫಲವನ್ನು ಉಂಡ ಮೇಲೆ ಓದುಗ ಬಂಧುಗಳ ಮುಂದೆ ನಾಲ್ಕು ಮಾತು ಹೇಳುವುದು ಉಚಿತವೆಂದು ತೋರಿದೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ನಾಲ್ವರು ಅಂಥದೊಂದು ಗಾಡಿಯನ್ನು ಗೊತ್ತುಮಾಡಿ ವಯನಾಡಿಗೆ ಹೊರಟೆವು. ಹೊರಡುವ ಹಿಂದಿನ ದಿನ ಅಂಗಳದಲ್ಲಿ ಸಾಮಾನು ರಾಶಿ ಬಿದ್ದುದನ್ನು ನೋಡಿದ ನೆರೆಮನೆಯವರು, "ಮಾಷ್ಟ್ರೇ, ಉಪನಯನ ಯಾರದು?" ಎಂದು ಕೇಳಿದ್ದರು. ಕುಚ್ಚಿಲಕ್ಕಿ, ಸುಲಿದ ತೆಂಗಿನಕಾಯಿ ಹತ್ತು, ಉಪ್ಪಿನಕಾಯಿಯ ಭರಣಿ, ಎರಡು ಕುಕ್ಕರು, ಇಡ್ಲಿ ಅಟ್ಟಿನಳಗೆ, ಮಡಚದ ಕುರ್ಚಿ, ಗಟ್ಟಿ ಸೂಟುಕೇಸು ನಾಲ್ಕು. "ಇರಲಿ, ಬೇಕಾದೀತು" ಎಂಬ ಮಂತ್ರ ಪ್ರತಿಯೊಂದು ವಸ್ತುವಿನ ಮೇಲೂ ಬಿದ್ದಿತ್ತು. ಚಾಲಕನು ಹಿಂಬದಿಯ ಚಕ್ರವನ್ನು ನೋಡಿ, "ಮಾಷೇ, ಹಿಂದೆ ಭಾರ ಜಾಸ್ತಿಯಾಯಿತು" ಎಂದಾಗ, ಜಾಗ ಇದೆಯಲ್ಲ ಎಂದು ನಾವು ನಕ್ಕಿದ್ದೆವು.

ಘಾಟಿಯ ಮೊದಲ ತಿರುವುಗಳಲ್ಲೇ ತಲೆಯ ಮೇಲಿನ ಕಪಾಟಿನ ಬಾಗಿಲು ಬಿಚ್ಚಿಕೊಂಡು ಕುಕ್ಕರು ಮಗಳ ಕಾಲಬುಡಕ್ಕೆ ಬಂದು ಬಿತ್ತು. ಅದು ಒಂದು ಗೇಣು ತಪ್ಪಿದ್ದು ದೈವಕೃಪೆ. ಅಂದು ರಾತ್ರಿ ತಂಗಿದಲ್ಲಿ ಚಳಿಗೆ ಅಮ್ಮನಿಗೆ ಉಬ್ಬಸ ಕೆರಳಿತು. "ಮಗಾ, ಆ ಔಷಧ..." ಎಂದರೇ ಹೊರತು ಮಾತು ಮುಂದೆ ಬರಲಿಲ್ಲ. ಇನ್ಹೇಲರ್ ಇದ್ದುದು ಅವರ ಸೂಟುಕೇಸಿನಲ್ಲಿ. ಸೂಟುಕೇಸು ಸೋಫಾದ ಅಡಿಯ ಪೆಟ್ಟಿಗೆಯಲ್ಲಿ. ಸೋಫಾ ಹಾಸಿಗೆಯಾಗಿ ಬಿಡಿಸಿಯಾಗಿತ್ತು. ಅದರ ಮೇಲೆ ಅಮ್ಮನೇ ಮಲಗಿದ್ದರು. ಉಸಿರಿಗೆ ಒದ್ದಾಡುವ ಮುದುಕಿಯನ್ನು ಎಬ್ಬಿಸಿ, ಹಾಸಿಗೆ ಮಡಚಿ, ಅಕ್ಕಿಚೀಲ ಎಳೆದು, ಮೂರು ಸೂಟುಕೇಸು ಹೊರಗೆಸೆದು ನಾಲ್ಕನೆಯದನ್ನು ತೆರೆಯುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಆ ಹತ್ತು ನಿಮಿಷವನ್ನು ನಾವು ಮರೆಯುವಂತಿಲ್ಲ. ಅಂದು ಗಾಡಿಯಲ್ಲಿ ಜಾಗದ ಕೊರತೆಯೇನೂ ಇರಲಿಲ್ಲ, ಎಲ್ಲವೂ ಹಿಡಿಸಿತ್ತು. ಬೇಕಾದುದು ಬೇಕಾದಾಗ ಕೈಗೆ ಸಿಗಲಿಲ್ಲ, ಅಷ್ಟೆ.

ಇಂಥ ತಪ್ಪು ನಮ್ಮ ಕಡೆಯವರಿಗೆ ಸಹಜವೇ. ನಾವು ಅಟ್ಟವಿರುವ ಮನೆಗಳಲ್ಲಿ ಬೆಳೆದವರು. ಭತ್ತಕ್ಕೆ ಪತ್ತಾಯ, ಪಾತ್ರೆಪಗಡಿಗೆ ಉಗ್ರಾಣ, ಮಜ್ಜಿಗೆ ಗಡಿಗೆಗೆ ಜಂತಿಯಿಂದ ಇಳಿಬಿಟ್ಟ ಸಿಕ್ಕ, ಮಿಕ್ಕುದಕ್ಕೆಲ್ಲ ಅಟ್ಟ. ಮುರಿದ ಕೊಡೆಯನ್ನೂ ಬಿಸಾಡದೆ ಮೇಲಕ್ಕೆ ಎಸೆದರೆ ತೀರಿತು. ಇದು ಬೇಕೋ ಬೇಡವೋ ಎಂದು ನಿರ್ಧರಿಸುವ ಕಷ್ಟವೇ ನಮಗೆ ಬರಲಿಲ್ಲ. ಕ್ಯಾರವಾನಿನಲ್ಲಿ ತಲೆಯ ಮೇಲೆ ಕಾಣುವ ಕಪಾಟುಗಳನ್ನು ನಾವು ಅಟ್ಟವೆಂದೇ ತಿಳಿದೆವು. ಮನೆಯ ಅಟ್ಟ ಓಡುವುದಿಲ್ಲ, ತಿರುವು ತೆಗೆದುಕೊಳ್ಳುವುದಿಲ್ಲ, ಬ್ರೇಕ್ ಹಾಕುವುದಿಲ್ಲ ಎಂಬುದು ಹೊಳೆಯಲಿಲ್ಲ. ಗಾಡಿ ನಿಂತರೂ ಒಳಗಿನ ಡಬ್ಬ ಮುಂದೆ ಹೋಗುತ್ತಲೇ ಇರುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವವರು ನಾವೇ!

ಸಣ್ಣ ಮೋಟಾರು ಮನೆಯಲ್ಲಿ ಮೊದಲು ಮುಗಿಯುವುದು ಜಾಗವಲ್ಲ, ಭಾರದ ಅಳವು ಎಂಬುದನ್ನು ಎಲ್ಲರೂ ತಿಳಿಯಬೇಕು. ಪ್ರತಿಯೊಂದು ವಾಹನಕ್ಕೂ ಇಷ್ಟೇ ಒಟ್ಟು ಭಾರವೆಂಬ ಮಿತಿಯುಂಟು. ಯುರೋಪಿನಲ್ಲಿ ಬಹುಕಾಲ ಸಾಮಾನ್ಯ ಕಾರಿನ ಲೈಸನ್ಸಿನಲ್ಲಿ ಓಡಿಸಬಹುದಾದ ಮಿತಿ 3,500 ಕಿಲೋ ಎಂದಿದ್ದುದರಿಂದ, ಅಲ್ಲಿಯ ಅಸಂಖ್ಯ ಮೋಟಾರು ಮನೆಗಳು ಆ ಲೆಕ್ಕಕ್ಕೇ ನಿರ್ಮಾಣವಾದುವು. ಅದನ್ನೇ ಉದಾಹರಣೆಗೆ ಇಟ್ಟುಕೊಂಡು ಒಂದು ಕೂಡು-ಕಳೆ ಲೆಕ್ಕ ಮಾಡೋಣ. ಖಾಲಿ ಗಾಡಿ 2,900 ಕಿಲೋ ಎನ್ನೋಣ. ಉಳಿದುದು 600. ಚಾಲಕ ಸೇರಿ ಐವರು, ತಲಾ 60 ಕಿಲೋ, ಒಟ್ಟು 300. ನೀರಿನ ತೊಟ್ಟಿ 100 ಲೀಟರಿನದಾದರೆ, ಲೀಟರಿಗೆ ಒಂದು ಕಿಲೋದಂತೆ 100. ಹಾಸಿಗೆ ಬಟ್ಟೆ, ಒಲೆ, ಪಾತ್ರೆ, ಕುರ್ಚಿಗಳಿಗೆ 80. ಇನ್ನುಳಿದುದು 120 ಕಿಲೋ ಮಾತ್ರ. ಬಟ್ಟೆಬರೆ, ದಿನಸಿ, ಕುಡಿಯುವ ನೀರಿನ ಬಾಟಲಿ, ಮಕ್ಕಳ ಆಟಿಕೆ, ಬರುವಾಗ ಕೊಳ್ಳುವ ಜೇನು-ಕಾಳುಮೆಣಸು ಎಲ್ಲವೂ ಇದರೊಳಗೇ. ಬಳಸಿದ ನೀರಾದರೂ ಕೂಡಲೇ ಹೊರಗೆ ಹೋಗುವುದಿಲ್ಲ. ಅಡಿಯ ಇನ್ನೊಂದು ತೊಟ್ಟಿಗೆ ಇಳಿದು, ಅದನ್ನು ಖಾಲಿ ಮಾಡುವ ತನಕ ನಮ್ಮೊಂದಿಗೇ ಪ್ರಯಾಣ ಮಾಡುತ್ತದೆ.

ಈ ವಿವೇಕ ಹೊಸದಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು ವಿಹಾರಕ್ಕಾಗಿಯೇ ಬ್ರಿಸ್ಟಲಿನಲ್ಲಿ ಒಂದು ಬಂಡಿಮನೆಯನ್ನು ಕಟ್ಟಿಸಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳನ್ನು ಸುತ್ತಿದರು. ಅದನ್ನು ಎಳೆಯುತ್ತಿದ್ದುದು ಎರಡು ಕುದುರೆಗಳು. ಹೊರೆ ಹೆಚ್ಚಾದರೆ ಏರಿನಲ್ಲಿ ಕುದುರೆ ನಿಂತುಬಿಡುತ್ತಿತ್ತು. ಯಜಮಾನನಿಗೆ ಅಲ್ಲೇ ಪಾಠ. ಎಂಜಿನ್ನಿಗೆ ಆ ಬಾಯಿಯಿಲ್ಲ. ಅದು ಸುಮ್ಮನೆ ಎಳೆಯುತ್ತದೆ. ಟಯರು ಬಿಸಿಯಾಗುತ್ತದೆ, ಬ್ರೇಕು ಸೋಲುತ್ತದೆ, ನಮಗೆ ಗೊತ್ತಾಗುವುದು ಇಳಿಜಾರಿನಲ್ಲಿ. ಅಷ್ಟು ದೂರವೇಕೆ, ನಮ್ಮ ಹಿಂದಿನ ಎತ್ತಿನಗಾಡಿಯವರನ್ನು ನೆನೆದರೂ ಸಾಕು. ಮುಂದೆ ಹೇರಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದೆ ಹೇರಿದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ ಎಂದು ಬಲ್ಲ ಅವರು ಚಕ್ರದ ಅಚ್ಚಿನ ಮೇಲೆ ಭಾರ ಕೂರುವಂತೆ ಮೂಟೆ ಜೋಡಿಸುತ್ತಿದ್ದರು. ಮೋಟಾರು ಮನೆಗೂ ನ್ಯಾಯ ಅದೇ. ಹಿಂದಿನ ಚಕ್ರದಿಂದಾಚೆ ಭಾರ ಹೇರಿದರೆ ಅದು ಸನ್ನೆಗೋಲಿನಂತೆ ಮುಂಭಾಗವನ್ನು ಎತ್ತುತ್ತದೆ. ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ.

ಆದಕಾರಣ ಭಾರದ ವಸ್ತುಗಳು ಕೆಳಗೆ, ಮುಂದಿನ-ಹಿಂದಿನ ಚಕ್ರಗಳ ನಡುವೆ, ನೆಲಕ್ಕೆ ಹತ್ತಿರ ಇರಬೇಕು. ತಲೆಯ ಮೇಲಿನ ಕಪಾಟಿಗೆ ಟವಲು, ಹೊದಿಕೆ, ಹಪ್ಪಳದಂಥ ಹಗುರ ವಸ್ತುಗಳು ಮಾತ್ರ. ಬಿದ್ದರೆ ಯಾರಿಗೂ ನೋವಾಗಬಾರದು ಎಂಬುದೇ ಅಲ್ಲಿನ ಕಟ್ಟಳೆಯಾಗಲಿ. ಅಡುಗೆ ಅನಿಲದ ಸಿಲಿಂಡರು ಇದ್ದರೆ ಅದು ನೆಟ್ಟಗೆ ನಿಂತು ಬಿಗಿದುಕೊಂಡಿರಬೇಕು. ಗಾಡಿ ಓಡುವಾಗ ಮುಚ್ಚಿರಬೇಕು. ಆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದು ಹೊರಹೋಗಲೆಂದೇ ಆ ಗೂಡಿನ ಬುಡದಲ್ಲಿ ಕಿಂಡಿ ಇಟ್ಟಿರುತ್ತಾರೆ. ಅಲ್ಲಿ ಇನ್ನೂ ಜಾಗವಿದೆ ಎಂದು ಚಪ್ಪಲಿ ಚೀಲ ತುರುಕುವವರು ತಮ್ಮ ಕುಟುಂಬದ ಜೀವದೊಡನೆ ಆಟವಾಡುತ್ತಾರೆ ಎಂದರೆ ಅತಿಶಯೋಕ್ತಿಯಲ್ಲ. ಬಾಗಿಲ ದಾರಿಯೂ ತುರ್ತು ಕಿಟಕಿಯೂ ಸದಾ ಬರಿದಾಗಿರಬೇಕು.

ಜಾಗವನ್ನು ಉಳಿಸುವ ಉಪಾಯಗಳೂ ಇಲ್ಲದಿಲ್ಲ. ಹತ್ತು ಅಂಗುಲ ಬದಿಯ ಚೌಕದೊಳಗೆ ಹತ್ತು ಅಂಗುಲ ವ್ಯಾಸದ ದುಂಡು ಡಬ್ಬ ಇಟ್ಟರೆ, ನೂರರಲ್ಲಿ ಎಪ್ಪತ್ತೆಂಟೂವರೆ ಪಾಲು ಮಾತ್ರ ತುಂಬುತ್ತದೆ. ಉಳಿದ ಇಪ್ಪತ್ತೊಂದೂವರೆ ನಾಲ್ಕು ಮೂಲೆಗಳಲ್ಲಿ ವ್ಯರ್ಥ. ಆದುದರಿಂದ ದಿನಸಿಗೆ ಚೌಕ ಡಬ್ಬಗಳೇ ಲೇಸು. ಪಾತ್ರೆಗಳು ಒಂದರೊಳಗೊಂದು ಕೂರುವಂಥವಾಗಿರಲಿ. ಟಿಫಿನ್ ಕ್ಯಾರಿಯರಿನ ತಟ್ಟೆಗಳೇ ಊಟದ ತಟ್ಟೆಗಳಾಗಲಿ. ಗಟ್ಟಿ ಸೂಟುಕೇಸು ಖಾಲಿಯಾದರೂ ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ. ಬಟ್ಟೆಚೀಲವನ್ನು ಮಡಚಿ ದಿಂಬಿನಡಿ ಇಡಬಹುದು. ಹೊದಿಕೆಯನ್ನು ದಿಂಬಿನ ಕವರಿನೊಳಗೆ ತುಂಬಿದರೆ ಹಗಲು ಒರಗುದಿಂಬಾಗುತ್ತದೆ. ಕಪಾಟಿನ ಬಾಗಿಲ ಒಳಬದಿಗೆ ಬಲೆಚೀಲ ಕಟ್ಟಿದರೆ ನಮ್ಮ ಹಳೆಯ ಸಿಕ್ಕವೇ ಹೊಸ ಅವತಾರವೆತ್ತಿದಂತೆ. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ ಫೋಕ್ಸ್‌ವ್ಯಾಗನ್ ವ್ಯಾನಿಗೆಂದು ತಯಾರಿಸಿದ ಪೆಟ್ಟಿಗೆ ಸಾಮಾನಿಡಲೂ ಕೂರಲೂ ಮಲಗಲೂ ಒದಗುತ್ತಿತ್ತು. ಬೇಡವಾದಾಗ ಹೊರಗೆ ತೆಗೆದಿಡಲೂ ಬರುತ್ತಿತ್ತು. ಗಾಡಿಗೆ ಹತ್ತುವ ಪ್ರತಿ ವಸ್ತುವಿಗೂ, ನಿನ್ನಿಂದ ಎಷ್ಟು ಕೆಲಸವಾಗುತ್ತದೆ ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದು ಮಾತುಂಟು. ಇಂಚಿಂಚೂ ತುಂಬಿಸಬಾರದು. ಮಳೆಗಾಲದ ನಮ್ಮ ಗಾಳಿಯಲ್ಲಿ ಒತ್ತಿ ತುರುಕಿದ ಬಟ್ಟೆಗೂ ಹಾಸಿಗೆಯ ಅಡಿಗೂ ಬೂಸು ಹಿಡಿಯಲು ಹೆಚ್ಚು ದಿನ ಬೇಡ. ಗಾಳಿಯಾಡಲು ಸಂದು ಬೇಕು, ಒದ್ದೆ ಕೊಡೆಗೂ ಟವಲಿಗೂ ಬೇರೆಯೇ ಮೂಲೆ ಬೇಕು. ಇನ್ನು ದಿನಸಿಯ ವಿಷಯ. ಕೇರಳದ ದಾರಿಯಲ್ಲಿ ಅಂಗಡಿಯಿಲ್ಲದ ಹತ್ತು ಮೈಲಿ ಸಿಗುವುದು ಅಪರೂಪ. ಎಂಟು ದಿನದ ಅಕ್ಕಿ ಹೊರುವ ಬದಲು ಎರಡು ದಿನದ್ದು ಸಾಕು. ಮಿಕ್ಕುದನ್ನು ಅಂಗಡಿಯವನೇ ನಮಗಾಗಿ ಹೊತ್ತಿರುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದುದು, ತುರ್ತಿನ ವಸ್ತುಗಳಿಗೆ ಕದಲದ ಒಂದು ಸ್ಥಾನ. ಔಷಧ, ಟಾರ್ಚು, ಗಾಯಕ್ಕೆ ಕಟ್ಟುವ ಪಟ್ಟಿ, ಕನ್ನಡಕ, ಕುಡಿಯುವ ನೀರು ಇವು ಹಾಸಿಗೆ ಬಿಡಿಸಿದ ಮೇಲೂ, ದೀಪವಿಲ್ಲದಿದ್ದರೂ, ಮನೆಯ ಅತಿ ಕಿರಿಯರಿಗೂ ಅತಿ ಹಿರಿಯರಿಗೂ ಕೈಗೆಟುಕಬೇಕು. ನಮ್ಮ ಗಾಡಿಯ ಗುಂಡಿ-ಕಪಾಟುಗಳ ಮೇಲೆಲ್ಲ ಇಂಗ್ಲಿಷಿನಲ್ಲಿ ಬರೆದಿತ್ತು. ಚಾಲಕ ಮಲಯಾಳದಲ್ಲಿ ವಿವರಿಸಿದ. ಅಮ್ಮ ಓದಬಲ್ಲುದು ಕನ್ನಡ ಮಾತ್ರ. ಮರುದಿನ ಬೆಳಗ್ಗೆ ಮಗಳು ನೋಟುಪುಸ್ತಕದ ಹಾಳೆ ಹರಿದು "ಮದ್ದು", "ನೀರು", "ದೀಪ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು. ಮೂರು ಚೀಟಿ, ಮೂರು ನಿಮಿಷದ ಕೆಲಸ. ಹೊರಡುವ ಮುಂಚೆ ನಮಗೇಕೆ ತೋಚಲಿಲ್ಲವೆಂದು ಇಂದಿಗೂ ನಾಚಿಕೆಯಾಗುತ್ತದೆ.

ತಪ್ಪು ನಮ್ಮದೇ ಆದರೂ, ಬಾಡಿಗೆಗೆ ಕೊಡುವವರಿಗೂ ಒಂದು ಹೊಣೆಯುಂಟು. ಎಷ್ಟು ಕಪಾಟು ಇವೆ ಎಂದು ಅವರು ಹೆಮ್ಮೆಯಿಂದ ತೆರೆದು ತೋರಿಸುತ್ತಾರೆ. ಎಷ್ಟು ಕಿಲೋ ಹೊರಬಹುದು ಎಂದು ಹೇಳುವುದಿಲ್ಲ. ಜನರೂ ನೀರೂ ಏರಿದ ಮೇಲೆ ಸಾಮಾನಿಗೆ ಉಳಿಯುವ ಭಾರವೆಷ್ಟು, ಮೇಲಿನ ಕಪಾಟಿನ ಮಿತಿಯೆಷ್ಟು ಎಂಬೆರಡು ಅಂಕಿಗಳನ್ನು ಬಾಗಿಲ ಬಳಿ ಬರೆದು ಹಾಕಿದರೆ ಅವರಿಗೆ ನಷ್ಟವೇನು? ಅದು ಮಲಯಾಳದಲ್ಲಿರಲಿ, ಕಾಸರಗೋಡಿನಿಂದ ಹೊರಡುವ ಗಾಡಿಯಲ್ಲಿ ಕನ್ನಡದಲ್ಲೂ ಇರಲಿ. ಓದಲು ಬಾರದ ಎಚ್ಚರಿಕೆಯಿಂದ ಯಾರಿಗೆ ಪ್ರಯೋಜನ?

ಇಷ್ಟೆಲ್ಲ ಕಟ್ಟುಪಾಡಿಗಿಂತ ದೊಡ್ಡ ಗಾಡಿಯನ್ನೇ ಹಿಡಿಯಬಾರದೇ ಎಂದು ಕೆಲವರು ಕೇಳುವುದುಂಟು. ರಾಣಿಪುರದಂಥ ಬೆಟ್ಟದ ದಾರಿಗಳಲ್ಲಿ ದೊಡ್ಡ ಗಾಡಿ ತಿರುಗಿಸಿ ನೋಡಿದವರು ಹಾಗೆ ಕೇಳಲಾರರು. ಮೇಲಾಗಿ, ದೊಡ್ಡ ಗಾಡಿ ಸಿಕ್ಕರೆ ನಾವು ಹೇರುವುದೂ ದೊಡ್ಡದೇ. "ಇರಲಿ, ಬೇಕಾದೀತು" ಎಂಬ ಮಾತಿಗೆ ಯಾವ ಗಾಡಿಯೂ ಸಾಲದು.

ಮುಂದಿನ ರಜೆಗೆ ಮತ್ತೆ ಹೋಗುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ಈ ಸಲ ಹಿಂದಿನ ದಿನ ಸಾಮಾನನ್ನು ಅಂಗಳದಲ್ಲಿ ಹರಡಿ, ತೂಗಿ, ಅರ್ಧವನ್ನು ಒಳಗೆ ಕೊಂಡುಹೋಗುವುದು ನಮ್ಮ ಪಾಲಿನ ಕೆಲಸ. ಬಾಗಿಲ ಪಕ್ಕದ ಬಲೆಚೀಲದಲ್ಲಿ ಮೊದಲು ಏನು ಹೋಗಬೇಕೆಂಬುದನ್ನು ಅಮ್ಮ ಈಗಲೇ ಹೇಳಿಯಾಗಿದೆ.