ಡಬ್ಬಿಯ ಕೇಕಿಗೂ ಕೈಗುಣ ಉಂಟು

ಕೆಲವು ವರ್ಷಗಳ ಹಿಂದಿನ ಮಾತು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳ ಐದನೆಯ ಹುಟ್ಟುಹಬ್ಬ ಮುಗಿದಿತ್ತು. ಮರುದಿನ ಬೆಳಿಗ್ಗೆ ತರಕಾರಿ ಸಿಪ್ಪೆ ಹಾಕಲೆಂದು ಕಸದ ಬುಟ್ಟಿಯ ಮುಚ್ಚಳ ತೆರೆದರೆ, ಎಂಜಲು ತಟ್ಟೆಗಳ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿಟ್ಟ ಎರಡು ರಟ್ಟಿನ ಡಬ್ಬಿಗಳು ಕಂಡವು. ಕೇಕ್ ಮಿಕ್ಸ್‌ನ ಖಾಲಿ ಡಬ್ಬಿಗಳು. ಆ ಊರಿನಲ್ಲಿ ಕಾಗದ, ರಟ್ಟುಗಳನ್ನು ಬೇರೆ ಬುಟ್ಟಿಗೆ ಹಾಕಬೇಕು. ಮಗಳು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಾಗಿದ್ದೂ ಅವು ಎಂಜಲಿನ ಅಡಿಗೆ ಹೋಗಿದ್ದವು.

ಹಿಂದಿನ ಸಂಜೆ ಬಂದಿದ್ದ ಹೆಂಗಸರೆಲ್ಲ ಕೇಕನ್ನು ಹೊಗಳಿದ್ದರು. ‘ಮನೆಯಲ್ಲೇ ಮಾಡಿದ್ದಾ?’ ಎಂದು ಕೇಳಿದಾಗ ಮಗಳು ‘ಹೌದು’ ಎಂದಿದ್ದಳು. ಮಕ್ಕಳಿಗೆ ಎರಡು ಡಜನ್ ಕಪ್‌ಕೇಕ್, ದೊಡ್ಡವರಿಗೆ ಒಂದು ದೊಡ್ಡ ಕೇಕು. ಕಚೇರಿಯಿಂದ ಬಂದು ರಾತ್ರಿ ಹನ್ನೊಂದರವರೆಗೆ ಅವಳು ಓವನ್ ಎದುರು ನಿಂತಿದ್ದನ್ನು ನಾನೇ ನೋಡಿದ್ದೆ. ಆದರೂ ಬೆಳಗಿನ ಕಾಫಿಯ ಹೊತ್ತಿಗೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. ‘ಅಂತೂ ನಿನ್ನೆಯದು ಡಬ್ಬಿ ಕೇಕು ಅನ್ನು’ ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಮುಂದಿನ ಎರಡು ಹುಟ್ಟುಹಬ್ಬಗಳಿಗೆ ಅಂಗಡಿಯಿಂದ ಕೇಕು ಬಂತು. ಫೋನಿನಲ್ಲಿ ಕಾರಣ ಕೇಳಿದೆ. ‘ಅಂಗಡಿಯದಾದರೆ ಯಾರೂ ಏನೂ ಕೇಳೋದಿಲ್ಲ ಅಮ್ಮ’ ಎಂದಳು.

ಆ ಮಾತು ಇಂದಿಗೂ ಚುಚ್ಚುತ್ತದೆ. ಪೂರ್ತಿಯಾಗಿ ಹಣ ಕೊಟ್ಟು ಕೊಂಡು ತಂದ ಕೇಕಿಗೆ ಯಾವ ಪರೀಕ್ಷೆಯೂ ಇಲ್ಲ. ಅರ್ಧ ಶ್ರಮವನ್ನಾದರೂ ತಾನೇ ಹಾಕಿ ಮಾಡಿದವಳು ಮಾತ್ರ ಕಟಕಟೆಯಲ್ಲಿ ನಿಲ್ಲಬೇಕು. ಈ ನ್ಯಾಯ ಎಲ್ಲಿಯದು?

ನನ್ನ ಕಪಟವನ್ನೂ ಇಲ್ಲೇ ಹೇಳಿಬಿಡಬೇಕು. ಬೆಂಗಳೂರಿನ ನನ್ನ ಮನೆಯಲ್ಲಿ ದೀಪಾವಳಿಗೆ ಜಾಮೂನು ಮಾಡುವುದು ಪೊಟ್ಟಣದ ಪುಡಿಯಿಂದಲೇ. ಅದಕ್ಕೆ ಒಂದು ಹಿಡಿ ಖೋವಾ ತುರಿದು ಬೆರೆಸುತ್ತೇನೆ, ನೀರಿನ ಬದಲು ಹಾಲಿನಲ್ಲಿ ಕಲಸುತ್ತೇನೆ, ಪಾಕಕ್ಕೆ ಏಲಕ್ಕಿ ಕುಟ್ಟಿ ಹಾಕುತ್ತೇನೆ. ಬಂದವರು ‘ನಿಮ್ಮ ಕೈಗುಣವೇ ಬೇರೆ’ ಎನ್ನುತ್ತಾರೆ. ನಾನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಸಿದ್ಧ ಮಿಶ್ರಣವೆಂಬುದು ನಮಗೆ ಹೊಸದೂ ಅಲ್ಲ. 1924ರಲ್ಲಿ ಆರಂಭವಾದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ನಡೆಸುವುದು ದುಸ್ತರವಾದಾಗ ರವೆ ಇಡ್ಲಿಯಂಥ ತಿಂಡಿಗಳ ಪುಡಿಯನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಅಂದಿನಿಂದ ಎರಡು ತಲೆಮಾರಿನ ಗೃಹಿಣಿಯರು ಅದಕ್ಕೆ ಮೊಸರು, ಸಾಸಿವೆ, ಗೋಡಂಬಿ ಸೇರಿಸಿ ‘ನಮ್ಮ ಮನೆಯ ರವೆ ಇಡ್ಲಿ’ ಎಂದು ಬಡಿಸಿದ್ದಾರೆ. ಅದು ಸರಿಯಾದರೆ ಮಗಳ ಕೇಕು ತಪ್ಪು ಹೇಗೆ?

ಕೇಕ್ ಮಿಕ್ಸ್‌ಗೆ ಅಂಟಿಕೊಂಡ ನಾಚಿಕೆಯ ಇತಿಹಾಸ ಸ್ವಾರಸ್ಯವಾಗಿದೆ. ಅದು ಹುಟ್ಟಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಪಿ. ಡಫ್ ಅಂಡ್ ಸನ್ಸ್ ಎಂಬ ಕಾಕಂಬಿ ವ್ಯಾಪಾರದ ಕಂಪನಿ, ತನ್ನಲ್ಲಿದ್ದ ಕಾಕಂಬಿಯನ್ನು ಹಿಟ್ಟಿನೊಡನೆ ಒಣಗಿಸಿ 1930ರ ದಶಕದ ಆರಂಭದಲ್ಲಿ ಶುಂಠಿ ಕೇಕಿನ ಪುಡಿ ತಯಾರಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಿಟ್ಟಿನ ದೊಡ್ಡ ಕಂಪನಿಗಳು ಈ ಕಣಕ್ಕೆ ಇಳಿದವು. ಜನರಲ್ ಮಿಲ್ಸ್‌ನ ಬೆಟ್ಟಿ ಕ್ರಾಕರ್ ಡಬ್ಬಿ 1947ರಲ್ಲಿ ಬಂತು, ಮರುವರ್ಷ ಪಿಲ್ಸ್‌ಬರಿಯದು. ನೀರು ಬೆರೆಸಿದರೆ ಸಾಕು ಎಂಬ ಮಿಶ್ರಣ ಗೃಹಿಣಿಯರಲ್ಲಿ ಅಪರಾಧಿ ಭಾವ ಮೂಡಿಸಿತು, ಅರ್ನೆಸ್ಟ್ ಡಿಕ್ಟರ್ ಎಂಬ ಮನಶ್ಶಾಸ್ತ್ರಜ್ಞನ ಸಲಹೆಯಂತೆ ಮೊಟ್ಟೆ ಒಡೆಯುವ ಕೆಲಸವನ್ನು ಅವರಿಗೇ ಬಿಟ್ಟುಕೊಟ್ಟ ಮೇಲೆ ಮಾರಾಟ ಏರಿತು ಎಂಬ ಕಥೆ ಜಾಹೀರಾತು ಲೋಕದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ಚೆನ್ನಾಗಿದೆ, ಪೂರ್ತಿ ನಿಜವಲ್ಲ. ತಾಜಾ ಮೊಟ್ಟೆ ಸೇರಿಸುವ ವಿಧಾನಕ್ಕೆ ಡಫ್ ಕಂಪನಿ 1935ರಷ್ಟು ಹಿಂದೆಯೇ ಪೇಟೆಂಟ್ ಪಡೆದಿತ್ತು. ಅಲ್ಲದೆ ಒಣಗಿಸಿದ ಮೊಟ್ಟೆಯ ಪುಡಿಗಿಂತ ತಾಜಾ ಮೊಟ್ಟೆಯ ಕೇಕು ರುಚಿಯಲ್ಲಿ ಮೇಲು ಎಂಬ ಸರಳ ಸತ್ಯಕ್ಕೆ ಮನಶ್ಶಾಸ್ತ್ರದ ಹಂಗೇಕೆ? ಲಾರಾ ಶಪಿರೊ 2004ರಲ್ಲಿ ಪ್ರಕಟಿಸಿದ ‘ಸಂಥಿಂಗ್ ಫ್ರಮ್ ದಿ ಓವನ್’ ಎಂಬ ಪುಸ್ತಕ ಆ ಕಾಲದ ಅಡುಗೆಮನೆಯನ್ನು ವಿವರವಾಗಿ ಶೋಧಿಸುತ್ತದೆ.

ಇನ್ನೊಂದು ತಮಾಷೆಯಿದೆ. ಬೆಟ್ಟಿ ಕ್ರಾಕರ್ ಎಂಬ ಹೆಂಗಸು ಹುಟ್ಟಿಯೇ ಇರಲಿಲ್ಲ. 1921ರಲ್ಲಿ ಹಿಟ್ಟಿನ ಕಂಪನಿಯೊಂದು ಗ್ರಾಹಕರ ಪತ್ರಗಳಿಗೆ ಉತ್ತರಿಸಲು ಸೃಷ್ಟಿಸಿದ ಹೆಸರು ಅದು. ಒಂದು ದಿನವೂ ಒಲೆಯ ಮುಂದೆ ನಿಲ್ಲದ ಆಕೆಯನ್ನು ಆದರ್ಶ ಗೃಹಿಣಿಯಾಗಿ ನಿಲ್ಲಿಸಿ, ನಿಜವಾದ ಹೆಂಗಸರು ಅವಳೆದುರು ತಲೆ ತಗ್ಗಿಸುವಂತೆ ಮಾಡಿದ್ದು ಸಣ್ಣ ಸಾಧನೆಯೇನಲ್ಲ.

ಡಬ್ಬಿಯೊಳಗೆ ಇರುವುದಾದರೂ ಏನು? ಮೈದಾ, ಸಕ್ಕರೆ, ಒಂದಿಷ್ಟು ಜಿಡ್ಡು, ಹುದುಗು ಬರಿಸುವ ಪುಡಿ, ಕೃತಕ ಪರಿಮಳ. ಇವುಗಳ ಜೊತೆಗೆ, ನೀರು ಮತ್ತು ಜಿಡ್ಡು ಬೇರ್ಪಡದಂತೆ ಹಿಡಿದಿಡುವ ಎಮಲ್ಸಿಫೈಯರ್‌ಗಳು. ಅಮೆರಿಕದಲ್ಲಿ ಕೇಕಿನ ಹಿಟ್ಟಿಗೆ ಕ್ಲೋರಿನ್ ಹಾಯಿಸುವುದು ರೂಢಿ. ಯುರೋಪಿನಲ್ಲಿ ಅದಕ್ಕೆ ಅವಕಾಶವಿಲ್ಲ. ಕ್ಲೋರಿನ್ ತಾಗಿದ ಹಿಟ್ಟಿನ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಸಕ್ಕರೆಯ ಭಾರವನ್ನು ತಾಳುತ್ತದೆ. ಡಬ್ಬಿಯ ಕೇಕು ಮನೆಯ ಕೇಕಿಗಿಂತ ಮೃದುವಾಗಿ, ಹೆಚ್ಚು ಉಬ್ಬಿ ಬರುವುದು ಈ ಕಾರಣಗಳಿಂದ. ಆದ್ದರಿಂದ ಕೇಕಿನ ಮೈಕಟ್ಟಿನಲ್ಲಿ ಡಬ್ಬಿಯನ್ನು ಸೋಲಿಸಲು ಹೊರಡುವುದು ವ್ಯರ್ಥ. ಅದು ಸೋಲುವುದು ರುಚಿಯಲ್ಲಿ. ಸಿಹಿ ಮುಂದಾಗಿ, ಉಪ್ಪು ಹಿಂದಾಗಿ, ಬೆಣ್ಣೆಯ ಸುಳಿವಿಲ್ಲದೆ, ವೆನಿಲಾ ಎಂಬುದು ಸಾಬೂನಿನಂತೆ ಮೂಗಿಗೆ ಬಡಿಯುತ್ತದೆ. ಕೈಗುಣಕ್ಕೆ ಜಾಗವಿರುವುದು ಅಲ್ಲಿಯೇ.

ಇದನ್ನು ನಾನು ಕಲಿತದ್ದು ಮತ್ತೊಮ್ಮೆ ಮಗಳ ಮನೆಗೆ ಹೋದಾಗ. ಅವಳು ಕೆಲಸಕ್ಕೆ ಹೋದ ಮೇಲೆ ಹತ್ತಿರದ ಅಂಗಡಿಯಿಂದ ಡಬ್ಬಿ ತಂದು ಅಭ್ಯಾಸಕ್ಕೆ ತೊಡಗಿದೆ. ಡಬ್ಬಿಯ ಬೆನ್ನಿನ ಮೇಲೆ ಸಾಮಾನ್ಯವಾಗಿ ಮೂರು ಮೊಟ್ಟೆ, ಸುಮಾರು ಅರ್ಧ ಕಪ್ ಎಣ್ಣೆ, ಒಂದು ಕಪ್ ನೀರು ಎಂದಿರುತ್ತದೆ. ಮೊದಲ ತಿದ್ದುಪಡಿ ನೀರಿನದು. ನೀರಿಗೆ ರುಚಿಯಿಲ್ಲ; ಅದರ ಬದಲು ಹಾಲು ಹಾಕಿದರೆ ಅಷ್ಟರಿಂದಲೇ ಅರ್ಧ ವ್ಯತ್ಯಾಸ ಕಾಣುತ್ತದೆ. ಅಲ್ಲಿಯವರು ಬಟರ್‌ಮಿಲ್ಕ್ ಹಾಕುತ್ತಾರೆ. ಅದು ನಮ್ಮ ನೀರು ಮಜ್ಜಿಗೆಯಲ್ಲ, ಗಟ್ಟಿ ಪದಾರ್ಥ. ಹುಳಿಯಿಲ್ಲದ ಮೊಸರನ್ನು ತುಸು ಹಾಲಿನಲ್ಲಿ ಕಡೆದರೆ ಅದರ ಕೆಲಸ ಮಾಡುತ್ತದೆ. ಎರಡನೆಯದು ಬೆಣ್ಣೆ. ಎಣ್ಣೆಯ ಬದಲು ಕರಗಿಸಿದ ಬೆಣ್ಣೆ ಹಾಕಿದರೆ ಪರಿಮಳ ಬರುತ್ತದೆ. ಆದರೆ ಬೆಣ್ಣೆ ತಣ್ಣಗಾದಾಗ ಗಟ್ಟಿಯಾಗುವುದರಿಂದ ಫ್ರಿಜ್‌ನಲ್ಲಿಟ್ಟ ಕೇಕು ಬಿಗಿಯುತ್ತದೆ. ಅರ್ಧ ಎಣ್ಣೆ, ಅರ್ಧ ಬೆಣ್ಣೆ ನನ್ನ ರಾಜಿಸೂತ್ರ. ಒಂದು ಹಳದಿ ಲೋಳೆಯನ್ನು ಹೆಚ್ಚಿಗೆ ಸೇರಿಸಿದರೆ ಕೇಕು ಬೆಣ್ಣೆಯಂತೆ ಕರಗುತ್ತದೆ. (ನಮ್ಮಲ್ಲಿ ಮೊಟ್ಟೆ ಒಡೆಯುವ ಕೆಲಸ ಅಳಿಯನದು. ಮೊಟ್ಟೆ ಬೇಡವೆನ್ನುವವರು ಒಂದೊಂದು ಮೊಟ್ಟೆಗೆ ಕಾಲು ಕಪ್ ಮೊಸರು ಹಾಕಬಹುದು. ಕೇಕು ತುಸು ಸಾಂದ್ರವಾಗುತ್ತದೆ, ಕೆಡುವುದಿಲ್ಲ.) ಕಾಲು ಚಮಚ ಉಪ್ಪನ್ನು ಮರೆಯಬಾರದು.

ಚಾಕೊಲೇಟ್ ಕೇಕಿನ ವಿಷಯದಲ್ಲಿ ನಮಗೆ ಜನ್ಮಸಿದ್ಧವಾದ ಒಂದು ಅನುಕೂಲವಿದೆ. ಅಲ್ಲಿಯ ಅಡುಗೆ ಬಲ್ಲವರು ನೀರಿನ ಜಾಗದಲ್ಲಿ ಕಾಫಿ ಹಾಕುತ್ತಾರೆ. ಕಾಫಿಯ ಕಹಿ ಕೋಕೋವಿನ ರುಚಿಯನ್ನು ಎತ್ತಿ ಹಿಡಿಯುತ್ತದೆ. ನಮ್ಮ ಫಿಲ್ಟರಿನ ಡಿಕಾಕ್ಷನ್‌ಗಿಂತ ಇದಕ್ಕೆ ಹೇಳಿ ಮಾಡಿಸಿದ್ದು ಇನ್ನೇನಿದೆ? ಕಾಲು ಕಪ್ ಡಿಕಾಕ್ಷನ್, ಉಳಿದಷ್ಟು ಹಾಲು. ಕೇಕು ಕಾಫಿಯಂತೆ ರುಚಿಸುವುದಿಲ್ಲ, ಒಳ್ಳೆಯ ಚಾಕೊಲೇಟಿನಂತೆ ರುಚಿಸುತ್ತದೆ.

ಇಷ್ಟು ಗೆದ್ದ ಮೇಲೆ ನನಗೆ ಅಹಂಕಾರ ಬಂತು. ಒಂದೇ ಕೇಕಿಗೆ ಬೆಣ್ಣೆ, ಹೆಚ್ಚಿನ ಲೋಳೆಗಳು, ಒಂದು ಕಪ್ ಸೋರ್ ಕ್ರೀಮ್, ಪುಡ್ಡಿಂಗ್ ಪುಡಿ ಎಲ್ಲವನ್ನೂ ಸುರಿದೆ. ಓವನ್‌ನಲ್ಲಿ ಚೆನ್ನಾಗಿ ಉಬ್ಬಿದ ಕೇಕು ಹೊರಬಂದ ಐದು ನಿಮಿಷದಲ್ಲಿ ನಡುವೆ ಕುಸಿದು ತೊಟ್ಟಿಯಂತಾಯಿತು. ಡಬ್ಬಿಯ ಪುಡಿ ಲೆಕ್ಕ ಹಾಕಿ ತೂಗಿಟ್ಟ ತಕ್ಕಡಿ. ಒಂದೆರಡು ಬದಲಾವಣೆಯನ್ನು ತಾಳುತ್ತದೆ, ಐದನ್ನಲ್ಲ. ಆ ಕೇಕನ್ನು ಅಳಿಯ ಮೂರು ದಿನ ಹಾಲಿನಲ್ಲಿ ಅದ್ದಿಕೊಂಡು ಮೌನವಾಗಿ ತಿಂದ. ಅವನ ತಾಯಿ ತಂದೆ ಅವನನ್ನು ಚೆನ್ನಾಗಿ ಬೆಳೆಸಿದ್ದಾರೆ.

ಕಪ್‌ಕೇಕ್‌ಗಳಿಗೆ ಗುಟ್ಟು ಕಡಿಮೆ. ಅಚ್ಚಿನ ಮೂರನೆಯ ಎರಡು ಭಾಗದಷ್ಟೇ ತುಂಬಬೇಕು, 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್ ಶಾಖದಲ್ಲಿ ಹದಿನೆಂಟನೆಯ ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಬೇಕು. ಇನ್ನೆರಡು ನಿಮಿಷ ಇರಲಿ ಎಂಬ ಧಾರಾಳತನವೇ ಅವುಗಳನ್ನು ಒಣಗಿಸುವುದು. ಡಬ್ಬಿಯ ಗುಟ್ಟನ್ನು ಹೊರಗೆ ಹಾಕುವುದು ಸಾಮಾನ್ಯವಾಗಿ ಕೇಕಲ್ಲ, ಅದರ ಮೇಲೆ ಸವರುವ ಡಬ್ಬಿಯ ಕ್ರೀಮು. ಬೆಣ್ಣೆ, ಪುಡಿ ಸಕ್ಕರೆ, ಚಿಟಿಕೆ ಉಪ್ಪು, ಒಳ್ಳೆಯ ವೆನಿಲಾ ಸೇರಿಸಿ ಹತ್ತು ನಿಮಿಷ ನೊರೆಯಾಗಿ ಕಡೆಯಲು ಸಮಯವಿದ್ದರೆ, ಉಳಿದೆಲ್ಲ ತಿದ್ದುಪಡಿಗಳನ್ನು ಬಿಟ್ಟು ಅದೊಂದನ್ನು ಮಾಡಿ ಎನ್ನುತ್ತೇನೆ.

ಅಮೆರಿಕದಲ್ಲಿ ಇದೆಲ್ಲ ಬಹಿರಂಗ ವಿದ್ಯೆಯಾದದ್ದು ಆನ್ ಬರ್ನ್ ಎಂಬ ಬರಹಗಾರ್ತಿಯಿಂದ. 1999ರಲ್ಲಿ ಆಕೆ ‘ದಿ ಕೇಕ್ ಮಿಕ್ಸ್ ಡಾಕ್ಟರ್’ ಪ್ರಕಟಿಸಿದಾಗ ಆ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಎಷ್ಟೋ ಮನೆಗಳಲ್ಲಿ ಕದ್ದು ಮಾಡುತ್ತಿದ್ದ ಕೆಲಸಕ್ಕೆ ಆಕೆ ಹೆಸರು ಕೊಟ್ಟಳು.

ಆದರೆ ಆ ಕಾಲದ ಪಾಕವಿಧಾನಗಳನ್ನು ಇಂದು ಹಾಗೆಯೇ ಅನುಸರಿಸಿದರೆ ಕೇಕು ಕೈಕೊಡುತ್ತದೆ. ಅಂದು ಡಬ್ಬಿಯ ತೂಕ 18.25 ಔನ್ಸ್, ಅಂದರೆ ಸುಮಾರು 517 ಗ್ರಾಂ. ಅನಂತರ ಅದು 15.25 ಔನ್ಸಿಗೆ, ಸುಮಾರು 432 ಗ್ರಾಮಿಗೆ ಇಳಿಯಿತು. ಇತ್ತೀಚೆಗೆ ಕೆಲವು ಡಬ್ಬಿಗಳು 13.25 ಔನ್ಸಿಗೆ ಬಂದಿವೆ. ತೂಕವನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಕಾನೂನಿಗೆ ಅಷ್ಟು ಸಾಕು. ಆದರೆ ತಾಯಿಯ ಕೈಬರಹದಲ್ಲಿ ‘ಒಂದು ಡಬ್ಬಿ’ ಎಂದು ಬರೆದಿಟ್ಟ ಚೀಟಿ ಹಿಡಿದು ಅಡುಗೆಮನೆಗೆ ಹೋಗುವ ಮಗಳಿಗೆ ಕೇಕು ಏಕೆ ಚಪ್ಪಟೆಯಾಯಿತೆಂದು ತಿಳಿಯುವುದಿಲ್ಲ. ತನ್ನ ಕೈಯನ್ನೇ ದೂರಿಕೊಳ್ಳುತ್ತಾಳೆ. ಕಂಪನಿಗಳು ಹಿಟ್ಟನ್ನು ಕಡಿಮೆ ಮಾಡಿದ್ದಕ್ಕೂ ಹೆಂಗಸೇ ಹೊಣೆ ಹೊರಬೇಕಾದ ಈ ಏರ್ಪಾಡನ್ನು ನಾನು ಮೋಸವೆಂದೇ ಕರೆಯುತ್ತೇನೆ. ನಮ್ಮಲ್ಲೂ ಈಗ ಮೊಟ್ಟೆಯಿಲ್ಲದ ಮಿಶ್ರಣ, ಕುಕ್ಕರಿನಲ್ಲೇ ಬೇಯಿಸುವ ಮಿಶ್ರಣ ಎಂದು ಅಂಗಡಿಯ ಕಪಾಟು ತುಂಬಿದೆ. ಪಾಕವಿಧಾನ ಬರೆದುಕೊಳ್ಳುವವರು ‘ಒಂದು ಪೊಟ್ಟಣ’ ಎನ್ನದೆ ಗ್ರಾಮಿನ ಲೆಕ್ಕ ಬರೆದಿಡುವುದು ಕ್ಷೇಮ.

ಡಬ್ಬಿಯ ಪದಾರ್ಥ ಆರೋಗ್ಯಕ್ಕೆ ಒಳ್ಳೆಯದೇ ಎಂದು ಕೇಳುವವರಿದ್ದಾರೆ. ಅಲ್ಲ. ಮೈದಾ, ಸಕ್ಕರೆ, ಬೆಣ್ಣೆಗಳ ಮನೆಯ ಕೇಕೂ ಅಲ್ಲ. ಕೃತಕ ಬಣ್ಣ, ರಾಸಾಯನಿಕಗಳ ಬಗ್ಗೆ ಅಳುಕಿರುವವರು ಹಿಟ್ಟಿನಿಂದಲೇ ಶುರು ಮಾಡಲಿ. ಅದು ನ್ಯಾಯವಾದ ಕಾರಣ. ವಿದ್ಯೆ ನಶಿಸುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಗೌರವ ಕಡಿಮೆ. ನಮ್ಮ ಮನೆಯಲ್ಲಿ ಕುಕ್ಕರಿನ ತಳಕ್ಕೆ ಮರಳು ಹರಡಿ, ವೆಯ್ಟ್ ತೆಗೆದು, ಮುಕ್ಕಾಲು ಗಂಟೆ ಕಾದು ಕೇಕು ಮಾಡುತ್ತಿದ್ದ ಕಾಲ ನನಗೆ ನೆನಪಿದೆ. ಆಗ ನನಗೆ ಮುಕ್ಕಾಲು ಗಂಟೆ ಇತ್ತು. ಈ ಆಕ್ಷೇಪವನ್ನು ಗಂಡಸರು ಎತ್ತುವಾಗಲಂತೂ ಅವರು ಕೊನೆಯ ಬಾರಿ ಯಾವಾಗ ಹಿಟ್ಟು ಜರಡಿ ಹಿಡಿದರೆಂದು ಕೇಳುವ ಆಸೆಯಾಗುತ್ತದೆ.

ನಾನು ವಿರೋಧಿಸುವುದು ಬಚ್ಚಿಡುವುದನ್ನು ಮಾತ್ರ. ಅದಕ್ಕೂ ಬಚ್ಚಿಟ್ಟವಳಿಗಿಂತ ಬಚ್ಚಿಡುವಂತೆ ಮಾಡಿದವರೇ ಹೆಚ್ಚು ಹೊಣೆ. ಆ ಸಾಲಿನಲ್ಲಿ ನಾನೂ ಇದ್ದೆ. ಮಕ್ಕಳ ಬಳಿ ಕ್ಷಮೆ ಕೇಳುವ ಅಭ್ಯಾಸ ನಮ್ಮ ತಲೆಮಾರಿನ ತಾಯಂದಿರಿಗಿಲ್ಲ. ಹಾಗಾಗಿ ಕಳೆದ ಸಲ ಹೊರಟಾಗ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆ ಫಿಲ್ಟರ್, ಅರ್ಧ ಕಿಲೋ ಕಾಫಿಪುಡಿ ಒಯ್ದೆ. ಹುಟ್ಟುಹಬ್ಬದ ಹಿಂದಿನ ರಾತ್ರಿ ಮಗಳು ಡಬ್ಬಿ ಒಡೆದಳು, ನಾನು ಡಿಕಾಕ್ಷನ್ ಇಳಿಸಿದೆ, ಅಳಿಯ ಮೊಟ್ಟೆ ಒಡೆದ. ಮರುದಿನ ಬಂದವರೊಬ್ಬರು ಯಾರು ಮಾಡಿದ್ದೆಂದು ಕೇಳಿದಾಗ ಮೊಮ್ಮಗಳು ಎಲ್ಲವನ್ನೂ ಒದರಿಬಿಟ್ಟಳು: ಡಬ್ಬಿಯ ಹೆಸರು, ಕಾಫಿ, ಹಿಂದಿನ ವಾರ ಕುಸಿದಿದ್ದ ಇನ್ನೊಂದು ಕೇಕು. ಆಕೆ ಅಳತೆ ಬರೆದುಕೊಂಡು ಹೋದರು.

ರಾತ್ರಿ ಅಡುಗೆಮನೆ ಒರೆಸುವಾಗ, ಡಬ್ಬಿಗಳನ್ನು ಎಲ್ಲಿ ಹಾಕಲೆಂದು ಕೇಳಿದೆ.

‘ಕಾಗದದ ಬುಟ್ಟಿಗೆ ಅಮ್ಮ, ಇನ್ನೆಲ್ಲಿ’ ಎಂದಳು.